ಓರಗಿತ್ತಿಯರ ಕಾಮಕಸ್ತೂರಿ

ಒಂದಾನೊಂದು ಕಾಲದಲ್ಲಂತೆ, ಕಾಲು ಕಂಬಳಿಯೊಳಕ್ಕೆ ಎಳ್ಕೋ ಪುಟ್ಟಿ, ಇದು ಚಳಿ ಊರಿನ ಕತೆ, ಬೆಟ್ಟದ ನೆತ್ತಿ ಮೇಲೆ ಒಂದು ಹಳ್ಳಿ ಇತ್ತಂತೆ. ಮಧ್ಯಾಹ್ನ ಆದ್ರೂ ಅಲ್ಲಿ ಮಂಜು ಬಿಡ್ತಿರ್ಲಿಲ್ಲ, ತುಳಸಿಯಂಗೆ ಎಲೆ ಘಮ್ಮನ್ನೋ ಕಾಮಕಸ್ತೂರಿ ಬೀಜ ಹಾಕಿದ್ರೆ ಮೊಳಕೆ ಬಂದು ಎರಡೇ ದಿನಕ್ಕೆ ಕರ್ರಗಾಗಿ ಬಿದ್ದೋಗ್ತಿತ್ತಂತೆ. ಆ ಊರಲ್ಲಿ ಒಬ್ಬಳು ಅತ್ತೆ, ಅವಳಿಗೆ ಇಬ್ಬರು ಸೊಸೆಯರು, ಹಿರಿಯವಳು ದ್ಯಾವೀರಿ, ಕಿರಿಯವಳು ಹೊನ್ನಿ. ಅತ್ತೆಗೆ ವಯಸ್ಸಾಯ್ತು ನೋಡು, ಒಂದಿನ ಇಬ್ಬರನ್ನೂ ಕೂರಿಸ್ಕೊಂಡು, ಸುಗ್ಗಿಗೆ ಊರಮ್ಮನಿಗೆ ಕಾಮಕಸ್ತೂರಿ ದಂಡೆ ಮುಡಿಸ್ತೀನಿ ಅಂತ ಹರಕೆ ಹೊತ್ತಿದ್ದೀನಿ, ಯಾರ ಗಿಡದಿಂದ ದಂಡೆ ತುಂಬುತ್ತೋ ಅವಳಿಗೆ ಮನೆ ಬೀಗದಕೈ ಅಂದ್ಲಂತೆ.

ದ್ಯಾವೀರಿ ಹದಿನೈದು ವರ್ಷ ಆ ಮನೆ ಒಲೆ ಮುಂದೆ ಹೊಗೆ ಕುಡಿದವಳು. ಬೀಗದಕೈ ಇನ್ಯಾರಿಗೆ ಬರುತ್ತೆ ಅಂತ ಅಂಗಳದಲ್ಲಿ ಬೀಜ ಚೆಲ್ಲಿದ್ಲು, ಚಳಿಗೆ ಒಂದೂ ಉಳೀಲಿಲ್ಲ. ಹೊನ್ನಿ ಏನ್ಮಾಡಿದ್ಲು ಅಂದ್ರೆ, ಒಡಕು ಮಡಕೇಲಿ ಬಿತ್ತಿ, ಬಿಸಿಲು ಎಲ್ಲಿ ಬೀಳುತ್ತೋ ಅಲ್ಲಿಗೆ ಮಡಕೆ ಎತ್ತಿಟ್ಟು, ಸಂಜೆ ಆಗ್ತಿದ್ದಂಗೆ ಬಚ್ಚಲೊಲೆ ಹಿಂದಿನ ಬೆಚ್ಚಗಿನ ಗೋಡೆಗೆ ಒತ್ತಿಟ್ಟು, ಬೆಳಿಗ್ಗೆ ಹೊತ್ತು ಮಾತ್ರ ಉಗುರುಬೆಚ್ಚಗಿನ ನೀರು ಹಾಕ್ತಿದ್ಲಂತೆ. ಗಿಡ ಗೇಣುದ್ದ ಬಂತು. ದ್ಯಾವೀರಿಗೆ ಹೊಟ್ಟೇಲಿ ಮೆಣಸಿನಕಾಯಿ ಅರೆದಂಗಾಯ್ತು. ಕದ್ದು ನೋಡಿ ತಾನೂ ಹಂಗೇ ಮಾಡಿದ್ಲು, ಅವಳದ್ದೂ ಬಂತು, ಆದ್ರೆ ಹೊನ್ನಿ ಗಿಡಕ್ಕಿಂತ ಕುಳ್ಳು. ಪಾಪ, ಅವಳಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ.

ಆಮೇಲೆ ಹೊನ್ನಿ ನೀರಿಗೆ ಹೋದಾಗ ಹೋಗಿ ಅವಳ ಗಿಡದ ಕುಡಿ ಪಟಕ್ ಅಂತ ಚಿವುಟಿ ಹಾಕಿದ್ಲಂತೆ, ಈಗ ಬೆಳಿ ನೋಡೋಣ ಅಂತ. ಎಂಟು ದಿನ ಬಿಟ್ಟು ನೋಡಿದ್ರೆ ಒಂದು ಕುಡಿ ಇದ್ದ ಕಡೆ ಎರಡು. ಇಷ್ಟಕ್ಕೂ ಸಾಯ್ಲಿಲ್ವಾ ಅಂತ ಎರಡೂ ಚಿವುಟಿದ್ಲು, ನಾಲ್ಕಾಯ್ತು. ಮೂರನೇ ಸಲ ನಾಲ್ಕೂ ಚಿವುಟಿ, ಕೈಗೆ ಹತ್ತಿದ ಘಮ ಹೋಗ್ಲಿ ಅಂತ ಬೂದಿ ಹಾಕಿ ಉಜ್ಜಿ ತೊಳ್ಕೊಂಡ್ಲಂತೆ. ತನ್ನ ಗಿಡಕ್ಕೆ ಮಾತ್ರ ಉಗುರು ಸೋಕಿಸ್ಲಿಲ್ಲ. ಅದು ಕೋಲಿನಂಗೆ ನೆಟ್ಟಗೆ ಹೋಗಿ, ಬೇಗ ಹೂ ಬಿಟ್ಟು, ಎಲೆ ಉದುರಿಸ್ಕೊಂಡು ನಿಂತ್ಕೊಳ್ತು.

ಸುಗ್ಗಿ ಬಂತು. ದ್ಯಾವೀರಿ ಗಿಡ ಕೊಯ್ದ್ರೆ ಒಂದು ಹಿಡಿ ತುಂಬ್ಲಿಲ್ಲ, ಹೊನ್ನಿ ಗಿಡ ಮಡಕೆ ಕಾಣದಂಗೆ ಹಬ್ಬಿತ್ತು, ದಂಡೆ ಕಟ್ಟಿ ಇನ್ನೂ ಮಿಕ್ತು. ಎಂಥಾ ಕೈಗುಣ ಕಣವ್ವ ನಿಂದು ಅಂತ ಅತ್ತೆ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿದ್ಲಂತೆ. ದ್ಯಾವೀರಿಗೆ ತಡ್ಕೊಳ್ಳೋಕಾಗ್ಲಿಲ್ಲ. ಅವಳ ಕೈಗುಣ ಎಲ್ಲಿಂದ ಬಂತು ಅತ್ತೆ, ಮೂರು ಸಲ ಕುಡಿ ಚಿವುಟಿದ್ದು ನಾನು, ಅದಕ್ಕೇ ಅದು ಹಂಗೆ ಹಬ್ಬಿದ್ದು ಅಂದುಬಿಟ್ಲು. ಅಂದ್ಮೇಲೆ ಬಾಯಿಂದ ಏನು ಬಂತು ಅಂತ ಗೊತ್ತಾಗಿ, ಸೆರಗು ಬಾಯಿಗಿಟ್ಕೊಂಡು, ಹೊಟ್ಟೆಕಿಚ್ಚಿಗೆ ಮಾಡ್ದೆ ಅತ್ತೆ ಅಂತ ಅತ್ತುಬಿಟ್ಲಂತೆ.

ಅತ್ತೆ ಬಯ್ಯೋಕೆ ಹೋಗಿ ನಗೋಕೆ ಶುರುಮಾಡಿದ್ಲು. ಹೊನ್ನಿ, ಅಕ್ಕ, ನಾನಾಗಿದ್ರೆ ಚಿವುಟೋಕೆ ಮನಸ್ಸೇ ಬರ್ತಿರ್ಲಿಲ್ಲ, ನಿನ್ನಿಂದ್ಲೇ ದಂಡೆ ತುಂಬಿದ್ದು ಅಂದ್ಲಂತೆ. ಸರಿ, ಅತ್ತೆ ಗೊಂಚಲು ಎರಡು ಮಾಡಿ, ಬೆಚ್ಚಗಿಟ್ಟವಳಿಗೆ ಅರ್ಧ, ಚಿವುಟಿದವಳಿಗೆ ಅರ್ಧ ಕೊಟ್ಲು.

ಆಮೇಲೆ ಊರೋರೆಲ್ಲ ಮಡಕೇಲಿ ಕಾಮಕಸ್ತೂರಿ ಹಾಕಿದ್ರಂತೆ. ಕುಡಿ ಚಿವುಟೋಕೆ ಮಾತ್ರ ದ್ಯಾವೀರಕ್ಕನೇ ಬರಬೇಕು ಅಂತ ಮನೆಮನೆಯಿಂದ ಕರೆ, ಹೋದಲ್ಲೆಲ್ಲ ಮಣೆ ಹಾಕಿ ಕೂರಿಸಿ ಉಪಚಾರ. ಅಕ್ಕನ್ನ ಕರ್ಕೊಂಡು ಹೋಗೋದನ್ನ ಬಾಗಿಲಲ್ಲಿ ನಿಂತು ನೋಡ್ತಿದ್ಲಲ್ಲ ಹೊನ್ನಿ, ಯಾವತ್ತೂ ಯಾರನ್ನೂ ಕಂಡು ಕರುಬದವಳು, ಅವಳಿಗೆ ಮೊದಲನೇ ಸಲ ಒಳಗೊಳಗೇ ಚುರುಕ್ ಅಂತಂತೆ. ಹಂಗೇ ಆಗಾಗ ಒಬ್ಬರ ಮೇಲೊಬ್ಬರು ಕರುಬ್ಕೊಂಡು ಇಬ್ಬರೂ ಒಂದೇ ಒಲೇಲಿ ಬೇಯಿಸಿ ಉಂಡು ಚೆನ್ನಾಗಿ ಬಾಳಿದ್ರು, ಕತೆನೂ ಅಲ್ಲಿಗೇ ಮುಗೀತು, ನೀನಿನ್ನು ಕಣ್ಣು ಮುಚ್ಚು.