ತೋಳಿಗೆ ಇಟ್ಟ ಹೆಸರು

"ಗುರುಗಳೇ, ಅನ್ಯಾಯ ಮಾಡಿದವರ ಮೇಲೆ ಬರುವ ಸಿಟ್ಟನ್ನು ನುಂಗಿಕೊಳ್ಳುವುದೇ ದೊಡ್ಡತನವಲ್ಲವೇ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳು ಮುಖ ಗಂಟು ಹಾಕಿಕೊಂಡರು. "ಯಾರು ಹೇಳಿಕೊಟ್ಟರಯ್ಯಾ ನಿನಗೆ ಇದನ್ನು? ಕೂತು ಕೇಳು" ಎಂದು ಹೇಳತೊಡಗಿದರು.

ಒಬ್ಬ ಸ್ಪಿನ್ ಬೌಲರ್ ಇದ್ದ. ದೇಶಕ್ಕೆ ಆಡಿದವನು. ಅವನ ಕೈಯಿಂದ ಹೊರಟ ಚೆಂಡು ಯಾವ ಕಡೆ ತಿರುಗುತ್ತದೆಂದು ಎದುರಿಗೆ ನಿಂತ ದಾಂಡಿಗನಿಗೂ ತಿಳಿಯುತ್ತಿರಲಿಲ್ಲ, ಹಿಂದೆ ನಿಂತ ಕೀಪರನಿಗೂ ತಿಳಿಯುತ್ತಿರಲಿಲ್ಲ. ಆದರೆ ತಂಡದ ನಾಯಕನಿಗೆ ಆ ಜಾಗದಲ್ಲಿ ತನ್ನ ಕಡೆಯವನೊಬ್ಬ ಬೇಕಾಗಿದ್ದ. ಚೆನ್ನಾಗಿ ಆಡುವವನನ್ನು ಸುಮ್ಮನೆ ತೆಗೆಯಲು ಬರುತ್ತದೆಯೇ? ಅದಕ್ಕೇ ಅವನ ತೋಳಿಗೆ ಹೆಸರಿಟ್ಟ. "ಇವನು ಬೌಲ್ ಮಾಡುವುದಿಲ್ಲ, ಮೊಣಕೈ ಮಡಚಿ ಕಲ್ಲು ಹೊಡೆದ ಹಾಗೆ ಎಸೆಯುತ್ತಾನೆ, ಅದು ನಿಯಮಕ್ಕೆ ವಿರುದ್ಧ" ಎಂದು ಅಲ್ಲಲ್ಲಿ ಪಿಸುಗುಟ್ಟಿದ. ಮಾತು ಊರೆಲ್ಲ ಸುತ್ತಿತು. ಬೌಲರನನ್ನು ಕೈಬಿಟ್ಟರು. ಬಲ್ಲವರು ಪರೀಕ್ಷೆ ಮಾಡಿ, ತೋಳಿನಲ್ಲಿ ತಪ್ಪಿಲ್ಲವೆಂದರು. ಅಷ್ಟು ಹೊತ್ತಿಗೆ ಅವನ ಜಾಗ ತುಂಬಿಹೋಗಿತ್ತು.

ಅವನಿಗೆ ಮೈಯೆಲ್ಲ ಉರಿಯಿತು. "ಬಾಯಿಬಿಟ್ಟರೆ ನಿನಗೇ ಕೆಟ್ಟದ್ದು, ಸುಮ್ಮನಿರು" ಎಂದರು ಬುದ್ಧಿವಂತರು. ಸುಮ್ಮನಾದ. ಹಲ್ಲುಕಚ್ಚಿ ಮನೆಯಲ್ಲಿ ಕುಳಿತ. ಬೇರೆಯವರ ಆಟವನ್ನು ಟಿವಿಯಲ್ಲಿ ನೋಡಿ ನೋಡಿಯೇ ಕೂದಲು ಬೆಳ್ಳಗಾಯಿತು. ಮಗಳೂ ಸ್ಪಿನ್ ಕಲಿತಳು. ಮೈದಾನದಲ್ಲಿ ಅವಳನ್ನು ಕಂಡವರು, "ಅಪ್ಪನ ಹಾಗೆ ಎಸೆಯಬೇಡಮ್ಮ" ಎಂದು ನಕ್ಕರು. ಅಂದು ಅವನಿಗೆ ಅನ್ನ ಸೇರಲಿಲ್ಲ.

ಕೊನೆಗೊಂದು ದಿನ ಅವನಿಗೆ ಸನ್ಮಾನ ಎಂದರು. ಮಾಡುವವನು ಅದೇ ನಾಯಕ. ಈಗ ದೊಡ್ಡ ಮನುಷ್ಯ. ಇವತ್ತಾದರೂ ನಾಯಕ ತಾನು ಅಂದು ಹೇಳಿದ್ದು ಸುಳ್ಳೆಂದು ಒಂದು ಮಾತು ಹೇಳಿಯಾನು, ಅದು ಮಗಳ ಕಿವಿಗೆ ಬಿದ್ದೀತು ಎಂದು ಬೌಲರ್ ಅವಳನ್ನೂ ಕರೆದುಕೊಂಡು ಹೋದ. ನಾಯಕ ಶಾಲು ಹೊದಿಸಿದ, ಹಾರ ಹಾಕಿದ, ಹಣ್ಣಿನ ಬುಟ್ಟಿ ಕೈಗಿಟ್ಟ. ಆಮೇಲೆ ಮೈಕಿನ ಮುಂದೆ ನಿಂತು, "ಇಂಥ ಸಜ್ಜನ ಇನ್ನೊಬ್ಬನಿಲ್ಲ. ತಂಡದಿಂದ ಬಿಟ್ಟಾಗಲೂ ತುಟಿ ಪಿಟಕ್ಕೆನ್ನಲಿಲ್ಲ" ಎಂದ. ಸಭೆ ಚಪ್ಪಾಳೆ ತಟ್ಟಿತು.

ಥೂ! ಎಷ್ಟು ಧೈರ್ಯ ನೋಡು! ಇಷ್ಟು ವರ್ಷ ತಾನು ನುಂಗಿಕೊಂಡದ್ದು ಇವನಿಗೆ ಅನುಕೂಲವಾಯಿತಲ್ಲ ಎಂದು ಬೌಲರನಿಗೆ ಸಿಟ್ಟು ನೆತ್ತಿಗೇರಿತು. ಶಾಲು ತೆಗೆದು ಕುರ್ಚಿಯ ಮೇಲೆ ಎಸೆದ. ಅಂಗಿಯ ತೋಳನ್ನು ಮೇಲಕ್ಕೇರಿಸಿ, ಕೈಯನ್ನು ನಾಯಕನ ಮುಖದ ಮುಂದೆ ನೇರವಾಗಿ ಚಾಚಿದ.

"ನಾನು ಸಜ್ಜನನೋ ಅಲ್ಲವೋ ಆಮೇಲೆ ಹೇಳಿ. ಈ ಮೊಣಕೈ ಮಡಚುತ್ತಿತ್ತೇ? ಅದನ್ನು ನನ್ನ ಮಗಳ ಎದುರು ಹೇಳಿ!"

ನಾಯಕ ನೀರಿನ ಲೋಟಕ್ಕೆ ಕೈಹಾಕಿದ. ಯಾರೋ ಓಡಿಬಂದು ಮೈಕು ಆರಿಸಿದರು. ಬೌಲರ್ ಕೈ ಇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಶಾಂತನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಅಷ್ಟು ವರ್ಷ ಕಾಪಾಡಿಕೊಂಡು ಬಂದ ಸಜ್ಜನ ಎಂಬ ಹೆಸರನ್ನು ಒಂದೇ ಗಳಿಗೆಯಲ್ಲಿ ಕಳೆದುಕೊಂಡನಲ್ಲ, ಗುರುಗಳೇ!" ಎಂದ.

ಗುರುಗಳು ಅವನನ್ನೇ ದಿಟ್ಟಿಸಿ ಕೇಳಿದರು: "ಆ ಹೆಸರನ್ನು ಇಟ್ಟವನು ಯಾರಪ್ಪಾ, ತೋಳಿಗೆ ಹೆಸರಿಟ್ಟವನೇ ಅಲ್ಲವೇ?"