ನಕ್ಷೆಯ ಮೇಲಿನ ಹೆಸರು

"ಗುರುಗಳೇ, ಕೊಟ್ಟದ್ದಕ್ಕೆ ಪ್ರತಿಯಾಗಿ ನನಗೆ ಏನೂ ಬೇಡ. ಇದನ್ನು ಕೊಟ್ಟವನು ಇಂಥವನು ಎಂದು ನಾಲ್ಕು ಜನ ನೆನೆದರೆ ಸಾಕು. ಅಷ್ಟು ಆಸೆಪಡುವುದೂ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಏನೂ ಬೇಡ ಅನ್ನುತ್ತೀಯ, ಅದೇ ಉಸಿರಿನಲ್ಲಿ ಇಷ್ಟು ಸಾಕು ಅನ್ನುತ್ತೀಯ. ಭಲೇ! ಆಸೆಪಡಪ್ಪ, ಯಾರು ಬೇಡ ಅಂದರು? ಮೊದಲು ಈ ಕತೆ ಕೇಳು, ಆಮೇಲೆ ಧಾರಾಳವಾಗಿ ಆಸೆಪಡು." ಹೀಗೆಂದು ಅವರು ಹೇಳತೊಡಗಿದರು.

ಗದಗಿನಲ್ಲಿ ದ್ಯಾಮಣ್ಣ ಎಂಬ ರಿಪೇರಿಯವನಿದ್ದ. ರೇಡಿಯೊ, ಮೈಕ್ ಸೆಟ್ಟು ಎಲ್ಲವನ್ನೂ ಸರಿ ಮಾಡುತ್ತಿದ್ದ. ಆದರೆ ಅವನ ಕೈ ಪಳಗಿದ್ದು ಸಿಂಥಸೈಜರ್‌ನಲ್ಲಿ. ಹಾರ್ಮೋನಿಯಂನಂತೆ ಬೆರಳಿಟ್ಟು ನುಡಿಸುವ, ಗಾಳಿಯ ಬದಲು ಕರೆಂಟಿನಿಂದ ದನಿ ಹುಟ್ಟಿಸುವ ವಾದ್ಯ ಅದು. ಊರೂರಿಗೂ ಆರ್ಕೆಸ್ಟ್ರಾ ಇದ್ದ ಕಾಲದಲ್ಲಿ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಆಮೇಲೆ ಆರ್ಕೆಸ್ಟ್ರಾಗಳೂ ಹೋದವು, ಆ ವಾದ್ಯ ಮಾಡುತ್ತಿದ್ದ ಕಂಪನಿಯೂ ಬಾಗಿಲು ಹಾಕಿತು. ಒಳಗಿನ ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಎಷ್ಟು ಕರೆಂಟು ಬೇಕು ಎಂದು ತೋರಿಸುವ ಸರ್ಕ್ಯೂಟ್ ನಕ್ಷೆ ಯಾರ ಬಳಿಯೂ ಉಳಿಯಲಿಲ್ಲ. ದ್ಯಾಮಣ್ಣನ ಬಳಿ ಮಾತ್ರ ಒಂದಿತ್ತು. ಕೆಟ್ಟ ವಾದ್ಯವೊಂದನ್ನು ಬಿಚ್ಚಿ, ಒಂದೊಂದೇ ತಂತಿಯ ಬೆನ್ನು ಹತ್ತಿ, ತಾನೇ ಬರೆದದ್ದು. ಬರೆದು ಮುಗಿಸುವಷ್ಟರಲ್ಲಿ ಅವನ ಕಣ್ಣುಗಳು ಸೋತಿದ್ದವು.

ಅವನಿಗೊಂದು ನೋವಿತ್ತು. ಅವನ ಕೈಕೆಳಗೆ ಕೆಲಸ ಕಲಿತವನೊಬ್ಬ ಎದುರಿಗೇ ಅಂಗಡಿ ಹಾಕಿ, ಎಲ್ಲವನ್ನೂ ತಾನೇ ಕಂಡುಹಿಡಿದೆ ಎಂದು ಹೇಳಿಕೊಂಡು ತಿರುಗಿದ. ಜನ ನಂಬಿದರು. ದ್ಯಾಮಣ್ಣ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಳಗೊಳಗೇ ಬೇಯುತ್ತಿದ್ದ, ಪಾಪ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ನೀನು ಅವನನ್ನು ಬರೀ ಜಂಬದ ಮನುಷ್ಯ ಅಂದುಕೊಂಡುಬಿಡುತ್ತೀಯ.

ಇಂಥ ಹಳೆಯ ವಾದ್ಯಗಳ ನಕ್ಷೆಗಳನ್ನು ಕೂಡಿಹಾಕಿ, ಇಂಟರ್‌ನೆಟ್ಟಿನಲ್ಲಿ ಬೇಕಾದವರಿಗೆಲ್ಲ ಬಿಟ್ಟಿಯಾಗಿ ಕೊಡುವ ತಾಣವೊಂದಿತ್ತು. ನಾಲ್ಕಾರು ಜನ ತಮ್ಮ ತಮ್ಮ ನೌಕರಿ ಮುಗಿಸಿ ಬಂದು, ಸಂಬಳವಿಲ್ಲದೆ ಅದನ್ನು ನಡೆಸುತ್ತಿದ್ದರು. ಅವರು ಕೇಳಿದಾಗ ದ್ಯಾಮಣ್ಣ ಕೊಟ್ಟ. ಕೊಟ್ಟ ಎಂಬುದನ್ನು ಮರೆಯಬೇಡ, ಎಷ್ಟೋ ಜನ ಕೊಡುವುದೇ ಇಲ್ಲ. ಆದರೆ ಕಳಿಸುವ ಪ್ರತಿಯ ನಟ್ಟನಡುವೆ, ಈ ಅಂಚಿನಿಂದ ಆ ಅಂಚಿನವರೆಗೆ, ದಪ್ಪ ಅಕ್ಷರದಲ್ಲಿ ತನ್ನ ಹೆಸರು ಹಾಕಿಸಿದ. ಕೆಳಗೆ ಫೋನ್ ನಂಬರ್ ಕೊಟ್ಟ.

ತಾಣದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. "ಸರ್, ನಿಮ್ಮ ಹೆಸರಿನ ಅಡಿಯಲ್ಲಿ ಕೆಲವು ಅಂಕಿಗಳು ಮುಚ್ಚಿಹೋಗಿವೆ. ದಯವಿಟ್ಟು ಹೆಸರಿಲ್ಲದ ಪ್ರತಿ ಕೊಡಿ, ಪಕ್ಕದಲ್ಲಿ ನಿಮ್ಮ ಹೆಸರನ್ನು ನಾವೇ ಬರೆಯುತ್ತೇವೆ. ಕಾರ್ಕಳದವರೊಬ್ಬರು ಈ ನಕ್ಷೆಗಾಗಿ ವರ್ಷಗಳಿಂದ ಕಾಯುತ್ತಿದ್ದಾರೆ. ಅವರ ಹೆಂಡತಿ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರಂತೆ, ಈಗ ತೀರಿಕೊಂಡಿದ್ದಾರೆ. ಅವರ ಕಂಠವನ್ನೇ ಹೋಲುವ ಒಂದು ದನಿಯನ್ನು ಇವರು ಆ ವಾದ್ಯದಲ್ಲಿ ಕೂಡಿಸಿಟ್ಟಿದ್ದಾರಂತೆ. ವಾದ್ಯ ಕೆಟ್ಟು ಕೂತಿದೆ."

"ಬಾಜೂಕ ಬರದದ್ದನ್ನ ಕತ್ತರಿಸಿ ಒಗಿಯೂದು ಎಷ್ಟೊತ್ತಿನ ಕೆಲಸ, ತಂಗಿ?" ಎಂದ ದ್ಯಾಮಣ್ಣ. "ಒಮ್ಮೆ ಕೈ ಸುಟ್ಟಕೊಂಡೇನಿ. ಬೇಕಾದವರು ನನ್ನ ಹೆಸರು ಓದಲಿ, ಫೋನ್ ಮಾಡಲಿ, ಹೇಳತೀನಿ."

ಅವಳು ಜಪ್ಪಯ್ಯ ಅಂದರೂ ಅವನು ಬಗ್ಗಲಿಲ್ಲ. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರಲಿ ಎಂದು ತಾಣದವರು ಅದನ್ನೇ ಹಾಕಿದರು. ಕಾಣದ ಅಂಕಿಗಳನ್ನು ಇವರನ್ನೇ ಕೇಳಿ ತಿಳಿದುಕೊಳ್ಳಿ ಎಂದು ಒಂದು ಸಾಲು ಸೇರಿಸಿದರು.

ದ್ಯಾಮಣ್ಣನ ಹೆಸರು ಊರೂರು ಮುಟ್ಟಿತು. ಎಲ್ಲೆಲ್ಲಿಂದಲೋ ಜನ ಫೋನ್ ಮಾಡಿ ಹೊಗಳಿದರು. ಇವನಿಗೆ ಹಿಗ್ಗೋ ಹಿಗ್ಗು. ಕೇಳಿದವರಿಗೆಲ್ಲ ಬೇಸರಿಸದೆ ಅಂಕಿಗಳನ್ನು ಹೇಳಿಕೊಟ್ಟ. ಕಾರ್ಕಳದಿಂದ ಮಾತ್ರ ಫೋನ್ ಬರಲಿಲ್ಲ. ಅವರ ಕೆಲಸ ಆಗಿರಬೇಕು ಎಂದುಕೊಂಡ.

ಒಂದು ಮಧ್ಯಾಹ್ನ ಆ ಫೋನೂ ಬಂತು.

"ನಾನು ಕಾರ್ಕಳದಿಂದ, ವಲೇರಿಯನ್ ಅಂತ. ಸ್ವಲ್ಪ ತೊಂದರೆ ಕೊಡುತ್ತೇನೆ, ಬೇಜಾರು ಮಾಡಬೇಡಿ. ನಿಮ್ಮ ಹೆಸರಿನ ಮೊದಲ ಅಕ್ಷರದ ಅಡಿಯಲ್ಲಿ ಒಂದು ಅಂಕಿ ಉಂಟಲ್ಲ, ಅದು ಎಷ್ಟು ಮಾರಾಯ್ರೆ?"

ನಕ್ಷೆ ತೆಗೆದು ನೋಡುವ ಅಗತ್ಯವೇ ಇರಲಿಲ್ಲ, ದ್ಯಾಮಣ್ಣನಿಗೆ ಅದು ಬಾಯಿಪಾಠ. ಕೂಡಿಸಿಟ್ಟ ದನಿಗಳನ್ನು ಹಿಡಿದಿಡುವ ಮೆಮೊರಿ ಚಿಪ್ಪಿಗೆ ಹೋಗುವ ಕರೆಂಟು ಅದು. "ಐದು ವೋಲ್ಟ್ ರೀ," ಎಂದ.

"ಐದೇ?" ಎಂದ ವಲೇರಿಯನ್.

"ಯಾಕ್ರೀ? ನೀವು ಎಷ್ಟು ಕೊಟ್ರಿ?"

"ಹನ್ನೆರಡು," ಎಂದ ವಲೇರಿಯನ್. "ಸುತ್ತ ಎಲ್ಲ ಹನ್ನೆರಡು ಅಂತಲೇ ಇತ್ತು. ಇದೂ ಅಷ್ಟೇ ಇರಬೇಕು ಅಂತ ಇಲ್ಲಿಯ ಮೆಕ್ಯಾನಿಕ್ ಹೇಳಿದ. ನಿಮ್ಮನ್ನು ಕೇಳುವ ಅಂತ ನನಗೆ ಇತ್ತು. ಆದರೆ ಅಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಕಂಡಿತಲ್ಲ, ಯಾರೋ ಭಾರೀ ದೊಡ್ಡ ಜನ, ಇಷ್ಟು ಸಣ್ಣದಕ್ಕೆ ಅವರಿಗೆ ಯಾಕೆ ಉಪದ್ರ ಅಂತ ಸುಮ್ಮನಾದೆ. ವಾದ್ಯ ಈಗ ನುಡಿಯುತ್ತದೆ. ನನ್ನ ಹೆಂಡತಿ ಹಿಲ್ಡಾಳ ದನಿ ಇದ್ದ ಚಿಪ್ಪು ಮಾತ್ರ ಸುಟ್ಟುಹೋಯಿತು. ಹೊಸ ಚಿಪ್ಪು ಹಾಕುವ ಮೊದಲಾದರೂ ಕೇಳಿ ತಿಳಿದುಕೊಳ್ಳುವ ಅಂತ ಫೋನ್ ಮಾಡಿದೆ."

ದ್ಯಾಮಣ್ಣನಿಗೆ ತಾಣದಿಂದ ಬಂದ ಫೋನ್ ನೆನಪಾಯಿತು. ಆ ಹೆಣ್ಣುಮಗಳು ಹೇಳಿದ್ದಳು. ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ತಾನು ಒಲ್ಲೆ ಅಂದಿದ್ದ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದು ಹಣೆ ಚಚ್ಚಿಕೊಂಡ.

"ಆ ದನಿ ಇನ್ನೊಮ್ಮೆ ಕೂಡಿಸಾಕ ಬರೂದಿಲ್ಲೇನ್ರೀ?" ಎಂದು ಕೇಳಿದ.

"ಅವಳು ಪಕ್ಕದಲ್ಲಿ ಕೂತು ಹಾಡುತ್ತಿದ್ದಳು, ನಾನು ಅದಕ್ಕೆ ಸರಿಯಾಗಿ ವಾದ್ಯದ ನಾಬ್‌ಗಳನ್ನು ತಿರುಗಿಸುತ್ತಿದ್ದೆ. ಒಂದು ಇಡೀ ಮಳೆಗಾಲ ಹಾಗೆ ಕೂತು ಮಾಡಿದ್ದು. ಈಗ ಹಾಡುವವರು ಯಾರು?"

ದ್ಯಾಮಣ್ಣ ಫೋನ್ ಹಿಡಿದುಕೊಂಡೇ ಅತ್ತುಬಿಟ್ಟ. ಅಳುವಿನ ನಡುವೆ ತಪ್ಪಾಯಿತು ಅನ್ನಲು ಹೋದ, ಮಾತು ಹೊರಡಲಿಲ್ಲ. ವಲೇರಿಯನ್ ತನ್ನ ದುಃಖಕ್ಕೆ ಈ ಮನುಷ್ಯ ಮರುಗುತ್ತಿದ್ದಾನೆ ಎಂದುಕೊಂಡು ಇವನನ್ನೇ ಸಮಾಧಾನ ಮಾಡಿದ.

"ನೀವು ಯಾಕೆ ಅಳುವುದು? ನೀವು ಕೊಡದಿದ್ದರೆ ಈ ವಾದ್ಯ ಮೂಲೆಯಲ್ಲೇ ಇರುತ್ತಿತ್ತು. ದೇವರು ನಿಮ್ಮನ್ನು ಚೆನ್ನಾಗಿ ಇಡಲಿ," ಎಂದು ಹೇಳಿ ಫೋನ್ ಇಟ್ಟ.

ಅಂದೇ ದ್ಯಾಮಣ್ಣ ಹೆಸರಿಲ್ಲದ ಪ್ರತಿಯನ್ನು ಕಳಿಸಿದ. ಪಕ್ಕದಲ್ಲಿ ಏನು ಬರೆಯಲಿ ಎಂದು ಆ ಹೆಣ್ಣುಮಗಳು ಕೇಳಿದಳು. ಏನೂ ಬರೆಯಬೇಡ ಎಂದ. ಈಗ ಆ ನಕ್ಷೆಯಲ್ಲಿ ಎಲ್ಲ ಅಂಕಿಗಳೂ ಸ್ಪಷ್ಟವಾಗಿ ಕಾಣುತ್ತವೆ. ಬೇಕಾದವರು ತೆಗೆದುಕೊಳ್ಳುತ್ತಾರೆ, ವಾದ್ಯ ಸರಿ ಮಾಡಿಕೊಳ್ಳುತ್ತಾರೆ. ಕೊಟ್ಟವನು ಯಾರೆಂದು ಯಾರೂ ಕೇಳುವುದಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನಿಗೆ ಸಂಕಟವಾಯಿತು. "ಹಾಗಾದರೆ ಕೊನೆಗೆ ಅವನನ್ನು ನೆನೆಯುವವರು ಯಾರೂ ಉಳಿಯಲಿಲ್ಲವೇ?" ಎಂದು ಕೇಳಿದ.

"ಉಳಿಯದೆ ಏನಪ್ಪ? ಕಾರ್ಕಳದ ಆ ಮನೆಯಲ್ಲಿ ಇವತ್ತಿಗೂ ಸಂಜೆಯ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿ, ಅವನಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುತ್ತಾರೆ."