ಬೂದಿಯ ಔತಣ

ಈ ಕಥೆಯನ್ನು ಮೊದಲು ಹೇಳಿದವನು ಕೆರೆಯ ತೂಬು ಕಾಯುವ ನೀರುಗಂಟಿ ಮುದ್ವೀರಯ್ಯ. ಅವನಿಗೆ ಹೇಳಿದ್ದು ಒಂದು ಏಡಿಯಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಬೇಸಿಗೆಯಲ್ಲಿ ಗುಡ್ಡಕ್ಕೆ ಕಾಳ್ಗಿಚ್ಚು ಬಿತ್ತು. ಅಲ್ಲಿನ ಹಳ್ಳದಿಂದ ತಪ್ಪಿಸಿಕೊಂಡು ಬಂದ ಏಡಿ, ಕೆರೆಯಲ್ಲಿ ಮರಿಗಳೊಂದಿಗಿದ್ದ ಗೆಂಡೆಮೀನಿಗೆ, "ಗೆಂಡಕ್ಕ, ಕೆರೆ ತುಂಬಿ ಕೋಡಿ ಹರಿದ ದಿನವೇ ಮಕ್ಕಳನ್ನು ಕರೆದುಕೊಂಡು ಹೊರಡು" ಎಂದಿತು.

"ಬೆಂಕಿಗೆ ಈಜು ಬರುತ್ತದೇನಪ್ಪ?" ಗೆಂಡೆಗೆ ನಗು.

"ಬೆಂಕಿಗೆ ಬರದು, ಬೂದಿಗೆ ಬರುತ್ತದೆ."

ಮಳೆಗೆ ಬೂದಿ ಹರಿದು ಬಂತು. ಅದನ್ನುಂಡು ಪಾಚಿ ಕೊಬ್ಬಿತು, ಪಾಚಿಯನ್ನುಂಡು ಮರಿಗಳು ಕೊಬ್ಬಿದವು. ಕೋಡಿ ಹರಿದರೂ ಗೆಂಡೆ ಕದಲಲಿಲ್ಲ. "ಬಾಗಿಲಿಗೆ ಔತಣ ಬಂದಿರುವಾಗ ಗುಳೆ ಹೋಗು ಅನ್ನುತ್ತೀಯಲ್ಲ, ನಿನ್ನ ನಡಿಗೆಯಂತೆ ಬುದ್ಧಿಯೂ ಅಡ್ಡವೇ" ಎಂದು ಏಡಿಯನ್ನು ಛೇಡಿಸಿತು.

"ತಿನ್ನುವುದಕ್ಕೆ ಏನಿದೆ ಅಂತ ನೀನು ನೋಡಿದೆ, ಅಕ್ಕ. ಉಸಿರಿಗೆ ಏನಿದೆ ಅಂತಲೂ ನೋಡು."

ವಾರದಲ್ಲಿ ಪಾಚಿ ಸತ್ತು ಕೊಳೆಯಿತು. ನೀರಿನಲ್ಲಿದ್ದ ಉಸಿರನ್ನೆಲ್ಲ ಆ ಕೊಳೆತವೇ ಹೀರಿಕೊಂಡಿತು. ಒಂದು ಬೆಳಗ್ಗೆ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಗೆಂಡೆ ಅವನ್ನು ಕೋಡಿಯತ್ತ ನೂಕಿತು. ಕಲ್ಲಿನಿಂದ ಕಲ್ಲಿಗೆ ಧುಮುಕುವ ನೀರಿನಲ್ಲಿ ಅವಕ್ಕೆ ಮತ್ತೆ ಉಸಿರು ಬಂತು. ಅಲ್ಲಿಯವರೆಗೆ ಬಂದು ತಲುಪಿದ್ದು ಮರಿಗಳಲ್ಲಿ ಅರ್ಧ ಮಾತ್ರ.

ಕೆಳಗಿನ ಕೆರೆಯ ಮೀನುಗಳು ಎದುರುಗೊಂಡು, "ಮೇಲಿನ ಕೆರೆಯಲ್ಲಿ ಊಟ ಬಹಳ ಜೋರಂತೆ. ನಮ್ಮ ಕಡೆಗೆ ಯಾವಾಗ?" ಎಂದವು.

"ನನ್ನ ಹಿಂದೆಯೇ ಬರುತ್ತಿದೆ" ಎಂದಿತು ಗೆಂಡೆ. "ಎಲೆಯ ಮುಂದೆ ಕೂರಬೇಡಿ. ಮಕ್ಕಳನ್ನು ಕರೆದುಕೊಂಡು ಹರಿಯುವ ನೀರಿಗೆ ಹೊರಡಿ, ದಾರಿಯಲ್ಲಿ ಸಿಕ್ಕವರಿಗೂ ಹೇಳಿ."